ಗೈರಿಗೆ ಒಂದಕ್ಷರ

ಬೆಳಿಗ್ಗೆ ಎಂಟೂ ನಲವತ್ತಕ್ಕೆ ಫೋನು ಬಾಯಿಬಿಡುತ್ತದೆ.
ಫ್ಲೀಟ್‌ವುಡ್ಡಿನ ಜ್ವರಗಳೆಲ್ಲ ಮೊದಲು ಬರುವುದು ನನ್ನ ಕಿವಿಗೆ.
ವಾಂತಿಯಾದರೆ ಐ, ಹಲ್ಲಿನ ಡಾಕ್ಟರಾದರೆ ಎಂ,
ಅಪ್ಪಣೆಯಿಲ್ಲದ ಪ್ರವಾಸಕ್ಕೆ ಜಿ.
ಹತ್ತೊಂಬತ್ತು ವರ್ಷದಿಂದ ಖಾಲಿ ಕುರ್ಚಿಗಳಲ್ಲಿ
ಒಂದೊಂದಕ್ಷರ ಕೂರಿಸುತ್ತಾ ಬಂದಿದ್ದೇನೆ.

ಮಾರ್ಚಿನ ಆ ಸೋಮವಾರ ಶ್ರೀಮತಿ ಥ್ರೆಲ್ಫಾಲ್ ಅಂದಳು:
"ಕಾರ್ಬಿನ್‌ಗೆ ಹೊಟ್ಟೆ ಸರಿಯಿಲ್ಲ, ತಂಗಿಗೂ ಹಾಗೇ."
ಅವಳ ಬೆನ್ನ ಹಿಂದೆ ನುಣುಪು ನೆಲದ ಮೇಲೆ
ಸೂಟ್‌ಕೇಸಿನ ಚಕ್ರಗಳು ಉರುಳುತ್ತಿದ್ದವು.
ಯಾವುದೋ ಹೆಣ್ಣುದನಿ ಹದಿನಾಲ್ಕನೇ ಗೇಟು ಅಂದಿತು.
ಐ, ಐ, ಎಂದು ಒತ್ತಿದೆ.
"ಬೇಗ ಗುಣವಾಗಲಿ" ಅಂದೆ.
ಅದಕ್ಕೂ ಸೇರಿಸಿಯೇ ನನಗೆ ಸಂಬಳ.

ಅವರಪ್ಪ ಡ್ಯಾರೆಲ್ ಮೀನಿನ ಪ್ಯಾಕಿಂಗ್ ಶೆಡ್ಡಿನವನು.
ಅಲ್ಲಿ ಆಗಸ್ಟಿನ ರಜೆ ಹಳಬರ ಪಾಲು,
ಈಸ್ಟರಿನಲ್ಲಿ ಕೈ ತೊಳೆಯಲೂ ಪುರುಸೊತ್ತಿಲ್ಲ.
ಅದೇ ವಿಮಾನ, ಅದೇ ಕಪ್ಪು ಮರಳು, ಅದೇ ಉಪ್ಪುನೀರು
ಶಾಲೆಗೆ ರಜೆ ಕೊಟ್ಟ ಮರುದಿನ ಎರಡೂವರೆ ಪಟ್ಟು.
ದಂಡವೋ, ಮಗುವಿಗೊಂದರಂತೆ
ಅಪ್ಪನಿಗೆ ಎಂಬತ್ತು, ಅಮ್ಮನಿಗೆ ಎಂಬತ್ತು;
ಇಬ್ಬರು ಮಕ್ಕಳಿಗೆ ಮುನ್ನೂರ ಇಪ್ಪತ್ತು ಪೌಂಡು.
ಕಟ್ಟಿಯೂ ಕೈಯಲ್ಲಿ ಉಳಿಯುತ್ತದೆ.
ಈ ಲೆಕ್ಕ ಅವನು ನಮ್ಮ ಶಾಲೆಯಲ್ಲೇ ಕಲಿತದ್ದು.

ಎಂಟ್‌ವಿಸಲ್ ಮೇಷ್ಟ್ರು ಸಿಡುಕುತ್ತಾರೆ:
"ಮೂವತ್ತು ಜನಕ್ಕೆ ಒಮ್ಮೆ ಹೇಳಿದ ಭಿನ್ನರಾಶಿ
ಬಿಸಿಲು ಕಾಯಿಸಿಕೊಂಡು ಬಂದವನಿಗೆ ಇನ್ನೊಮ್ಮೆ!"
ಅವರದೂ ತಪ್ಪಲ್ಲ.
ನೂರಕ್ಕೆ ನೂರು ಹಾಜರಿಯ ಪ್ರಶಸ್ತಿಪತ್ರ ಈ ವರ್ಷವೂ
ಐವಿ ಕ್ರಾಸ್ಲಿಗೆ. ಅವಳ ಮನೆಗಿಂತ
ಶಾಲೆ ಬೆಚ್ಚಗಿರುತ್ತದೆ.

ನನಗೆ ಒಂಬತ್ತು. ಟ್ರಾಲರಿನಿಂದ ಇಳಿದರೆ
ಅಪ್ಪನಿಗೆ ನೆಲ ಸಿಗುತ್ತಿದ್ದದ್ದು ಎರಡೂವರೆ ದಿನ,
ಮೀನು ಶಾಲೆಯ ಕ್ಯಾಲೆಂಡರು ನೋಡಿ ಬಲೆಗೆ ಬೀಳುವುದಿಲ್ಲವಲ್ಲ.
ಒಂದು ಮಂಗಳವಾರ ಶಾಲೆಯ ಗೇಟಿನವರೆಗೂ ಕೈಹಿಡಿದು ಬಂದವನು
ಗೇಟು ದಾಟಿ ಮುಂದಕ್ಕೇ ನಡೆದ.
ದೋಣಿಯಲ್ಲಿ ನನ್ನ ಕೊರಳ ಟೈ ಬಿಚ್ಚಿ
ತನ್ನ ಜೇಬಿಗೆ ತುರುಕಿಕೊಂಡ.
ಹೊಳೆಯಾಚೆ ನಾಟ್ ಎಂಡಿನಲ್ಲಿ ವಿನೆಗರ್ ಸುರಿದ ಚಿಪ್ಸ್.
ನೀರ ಮೇಲಿಂದ ಗಂಟೆ ಕೇಳಿಸಿತು.
"ನಿನ್ನನ್ನೇ ಕರೀತಿದೆ ನೋಡು" ಅಂದ.
ನಾನು ಉತ್ತರಿಸಲಿಲ್ಲ, ಬಾಯ್ತುಂಬ ಬಿಸಿ ಆಲೂಗಡ್ಡೆ.

ಅವತ್ತೇ ಅವರು ದೊಡ್ಡ ಭಾಗಾಕಾರ ಕಲಿಸಿಬಿಟ್ಟಿದ್ದರು.
ಮರುದಿನ ಎಲ್ಲರಿಗೂ ಬರುತ್ತಿತ್ತು.
ನನಗೀಗ ಐವತ್ತೇಳು;
ಶೇಷ ಉಳಿದರೆ ಎಲ್ಲಿಡಬೇಕೋ ಇವತ್ತಿಗೂ ತೋಚದು.

ಮುಂದಿನ ಸೋಮವಾರ ನನ್ನ ಕಿಟಕಿಯೆದುರು ಇಬ್ಬರೂ.
"ಹೊಟ್ಟೆ ಹೇಗಿದೆಯಪ್ಪಾ?"
ಯಾರೂ ಕುಂಬಳಕಾಯಿ ಕಳ್ಳ ಅನ್ನಲಿಲ್ಲ,
ಆದರೂ ಕಾರ್ಬಿನ್ ಹೆಗಲು ಮುಟ್ಟಿಕೊಂಡ.
ಅಂಗಿಯ ಅಂಚಿನಲ್ಲಿ ಚರ್ಮ ಸುಲಿಯುತ್ತಿತ್ತು.
ಟಿಲ್ಡಾಗೆ ಐದು ವರ್ಷ. ಅಮ್ಮ ಹೇಳಿಕೊಟ್ಟದ್ದನ್ನು
ಒಂದಕ್ಷರ ಬಿಡದೆ ಒಪ್ಪಿಸಿದಳು:
"ನಾವು ಎಲ್ಲಿಗೂ ಹೋಗಲಿಲ್ಲ."
ಆಮೇಲೆ ತನ್ನದೊಂದನ್ನು ಸೇರಿಸಿದಳು:
"ಒಂಟೆ ಮೇಲೂ ಕೂರಲಿಲ್ಲ."

ಹೆಡ್‌ಮಿಸ್ ಬಾಗಿಲಲ್ಲೇ ನಿಂತಿದ್ದರು.
ಐ ಅಳಿಸಿದೆ. ಜಿ. ಜಿ.
ಹತ್ತು ಹೊತ್ತು, ಇಬ್ಬರಿಗೂ.
ಪ್ರಿಂಟರು ಬಿಸಿಬಿಸಿ ಕಾಗದ ಉಗುಳಿತು.
ಇಪ್ಪತ್ತೊಂದು ದಿನ ಮೀರಿದರೆ ಇಮ್ಮಡಿ ಎಂಬ ಸಾಲಿಗೆ
ಹಳದಿ ಗೆರೆ ಎಳೆದು ಮಡಿಸಿದೆ.

ಅಣ್ಣ ತರಗತಿಗೆ ಓಡಿದ. ಅವಳು ಹೋಗಲಿಲ್ಲ.
ಬೂಟು ಬಿಚ್ಚಿ ಕೊಡವಿದಳು, ನನ್ನ ಕಾರ್ಪೆಟ್ಟಿನ ಮೇಲೆ
ಒಂದು ಚಿಟಿಕೆ ಕಪ್ಪು.
ಮೆಲ್ಲಗೆ ಬಗ್ಗಿ
ಕೂರದ ಒಂಟೆಯ ಹೆಸರೇನು ಅಂತ ಕೇಳಿದೆ.
ಆಚೀಚೆ ನೋಡಿ ಕಿವಿಯಲ್ಲಿ ಹೇಳಿದಳು.

ಅದನ್ನು ನಾನು ಎಲ್ಲೂ ನಮೂದಿಸಿಲ್ಲ.